ಹಸಿರು ಕೊಳದ ಹುಡುಗಿ

ನವೆಂಬರ್ ೭, ಶುಕ್ರವಾರ

ಯಾವ ದಿನ ಯಾವ ಕಥೆ ಹೇಳಿದೆ ಎಂದು ಬರೆದಿಟ್ಟುಕೊಳ್ಳದಿದ್ದರೆ ಹೇಳಿದ್ದನ್ನೇ ಹೇಳಿ ಮಾನ ಕಳೆದುಕೊಳ್ಳುತ್ತೇನೆ. ಅದಕ್ಕೇ ಈ ನೋಟ್‌ಬುಕ್ಕು. ಮೂವತ್ತೊಂದು ವರ್ಷ ಗುಬ್ಬಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನಿಗೆ ಅರವತ್ತಮೂರನೇ ವಯಸ್ಸಿನಲ್ಲಿ ಹೊಸ ಕೆಲಸ ಸಿಕ್ಕಿದೆ. ರೆಸಾರ್ಟಿಗೆ ಬಂದ ಅತಿಥಿಗಳಿಗೆ ಸಂಜೆ ಒಂದು ಗಂಟೆ ಕಥೆ ಹೇಳುವುದು. ಶುಕ್ರ, ಶನಿ, ಭಾನುವಾರ ಮಾತ್ರ.

ಕೊಡಿಸಿದವನು ನನ್ನ ಹಳೆಯ ವಿದ್ಯಾರ್ಥಿ ಕಿರಣ್‌ಕುಮಾರ್. ಈಗ ಅಲ್ಲಿ ಮ್ಯಾನೇಜರ್. “ಮನೇಲಿ ಒಬ್ರೇ ಕೂತು ಏನ್ ಮಾಡ್ತೀರ ಸಾರ್, ಬನ್ನಿ” ಎಂದ. ನಿಜ. ಹೆಂಡತಿ ದಾಕ್ಷಾಯಣಿ ಮಗಳ ಬಾಣಂತನಕ್ಕೆಂದು ದಾವಣಗೆರೆಗೆ ಹೋಗಿ ಹದಿನೈದು ದಿನವಾಯಿತು. ಬರುವುದು ಸಂಕ್ರಾಂತಿ ಕಳೆದ ಮೇಲೆ. ಮನೆಯಲ್ಲಿ ಈಗ ನಾನು ಮತ್ತು ಕುಕ್ಕರಿನ ಸೀಟಿ.

ರೆಸಾರ್ಟಿನ ಹೆಸರು ‘ನೆಲಸಿರಿ’. ಕುಣಿಗಲ್ ಬಸ್ಸಿನಲ್ಲಿ ಹೆಬ್ಬೂರು ದಾಟಿ ಸ್ವಲ್ಪ ದೂರ ಹೋಗಿ ಇಳಿದರೆ ಒಳಗೆ ಒಂದು ಕಿಲೋಮೀಟರ್. ಮಣ್ಣಿನ ಇಟ್ಟಿಗೆಯ ಹನ್ನೆರಡು ಕಾಟೇಜು. ಪ್ಲಾಸ್ಟಿಕ್ ಬಾಟಲಿ ಇಲ್ಲ, ಎ.ಸಿ. ಇಲ್ಲ, ಸೋಲಾರ್ ಕರೆಂಟು, ಬಚ್ಚಲ ನೀರು ಬಾಳೆಗಿಡಕ್ಕೆ. ಇಷ್ಟೆಲ್ಲ ಇಲ್ಲದಿರುವ ಜಾಗಕ್ಕೆ ಬೆಂಗಳೂರಿನವರು ಮುಗಿಬಿದ್ದು ಬರುತ್ತಾರೆ. ನಡುವೆ ದೊಡ್ಡದೊಂದು ಈಜುಕೊಳ. ಅದಕ್ಕೆ ಕ್ಲೋರಿನ್ ಹಾಕುವುದಿಲ್ಲ. ಜೊಂಡು, ನೈದಿಲೆಗಳ ಬೇರುಗಳೇ ನೀರನ್ನು ಶುದ್ಧ ಮಾಡುತ್ತವಂತೆ. ಒಂದು ಬದಿಗೆ ಮರದ ಕಟ್ಟೆ, ಇಳಿಯಲು ಏಣಿ. ಉಳಿದ ಮೂರು ಬದಿಯೂ ಗಿಡ. ನೋಡಿದರೆ ನೂರು ವರ್ಷದ ಕಲ್ಯಾಣಿ ಎನ್ನಬೇಕು. ನೀರು ತುಂಬಿ ಎರಡು ವರ್ಷವೂ ಆಗಿಲ್ಲ.

ಕಟ್ಟೆಯ ಮೇಲೆ ಕೂತು ಬೆಳ್ಳಕ್ಕಿಯ ಕಥೆ ಹೇಳಿದೆ. ಕೇಳುವವರ ಕಣ್ಣೆಲ್ಲ ಮೊಬೈಲಿನಲ್ಲಿ. ಮುಗಿದ ಮೇಲೆ ಕಿರಣ ಹೇಳಿದ, “ಚೆನ್ನಾಗಿತ್ತು ಸಾರ್. ಆದ್ರೆ ಸ್ವಲ್ಪ ಥ್ರಿಲ್ ಇರ್ಬೇಕು.”

ನವೆಂಬರ್ ೮, ಶನಿವಾರ

ಥ್ರಿಲ್ ಕೊಟ್ಟೆ. ಹೆಬ್ಬೂರಿನಿಂದ ನಾನು ಇಳಿಯುವ ಜಾಗ ಬರುವಷ್ಟರಲ್ಲಿ ಬಸ್ಸಿನಲ್ಲೇ ಕಥೆ ಕಟ್ಟಿ ಮುಗಿಸಿದೆ. ಪಾಳೆಯಗಾರರ ಕಾಲದಲ್ಲಿ ಇದೇ ಜಾಗದಲ್ಲಿ ಒಂದು ಕುಂಟೆ ಇತ್ತು. ಅದರಲ್ಲಿ ಒಬ್ಬ ಹುಡುಗಿ ಮುಳುಗಿದಳು. ಹೊತ್ತು ಇಳಿಯುವಾಗ ಮೇಲೆ ಬಂದು ದಡದಲ್ಲಿ ಕೂತು ಬಟ್ಟೆಯ ಅಂಚು ಹಿಂಡುತ್ತಾಳೆ. ಮಾತಾಡುವುದಿಲ್ಲ.

ಒಂದೊಂದೇ ಮೊಬೈಲು ಕೆಳಗಿಳಿಯಿತು. ಆ ಉಮೇದಿನಲ್ಲಿ “ನಾನೇ ನೋಡಿದೀನಿ, ಹೋದ ವಾರ” ಎಂದುಬಿಟ್ಟೆ. ಒಬ್ಬ ಹೆಂಗಸು ಗಂಡನ ಕೈ ಹಿಡಿದುಕೊಂಡಳು.

ಅಮಾವಾಸ್ಯೆಯ ದಿನ ಹತ್ತನೇ ತರಗತಿಯ ಮಕ್ಕಳನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗಿ, ಕೂರಿಸಿ ಕಡಲೆಪುರಿ ತಿನ್ನಿಸಿದವನು ನಾನು. ದೆವ್ವ ಇಲ್ಲವೆಂದು ತೋರಿಸುವುದಕ್ಕೆ. ಕಿರಣನೂ ಆ ತರಗತಿಯಲ್ಲಿದ್ದ. ನೆನೆಸಿಕೊಂಡು ಇಬ್ಬರೂ ನಕ್ಕೆವು.

ನವೆಂಬರ್ ೧೫, ಶನಿವಾರ

ಅದೇ ಕಥೆ ಬೇಕೆಂದು ಅತಿಥಿಗಳೇ ಕೇಳುತ್ತಿದ್ದಾರೆ. ಮೂರು ಸಲ ಹೇಳಿ ಆಯಿತು.

ಇವತ್ತು ಕೊಳದ ಅಂಚಿನಲ್ಲಿ ಎಲೆ ಗುಡಿಸುವ ಹೆಂಗಸು ಹತ್ತಿರ ಬಂದಳು. ಐವತ್ತರ ಆಸುಪಾಸು. ದೊಡ್ಡಗಂಗಮ್ಮ ಅಂತ ಹೆಸರು, ಪಕ್ಕದ ಹಳ್ಳಿಯವಳು. ಪೊರಕೆ ಹಿಂದಕ್ಕೆ ಹಿಡಿದುಕೊಂಡು ನಿಂತಳು.

“ಮೇಷ್ಟ್ರೇ, ನೀವ್ ಕಂಡ್ರಂತೆ?”

“ಯಾರನ್ನಮ್ಮ?”

“ಕೊಳದಲ್ಲಿರೋ ಹುಡ್ಗೀನ. ಅಡ್ಗೆ ಮನೆಯೋರು ಅಂತಿದ್ರು.”

ಇಲ್ಲ ಎಂದರೆ ಕಥೆ ಕೆಡುತ್ತದೆ. ಹೂಂ ಎಂದೆ.

“ಏನ್ ಹಾಕ್ಕಂಡಿದ್ಲು?”

ಎದುರಿಗೆ ನೈದಿಲೆ ಎಲೆ ಕಂಡಿತು. “ಹಸಿರು ಚೂಡಿದಾರ” ಎಂದೆ. ಪಾಳೆಯಗಾರರ ಕಾಲದ ಹುಡುಗಿಗೆ ಚೂಡಿದಾರ ಎಲ್ಲಿಂದ ಬರಬೇಕು ಎಂದು ಆಮೇಲೆ ಹೊಳೆದು ನಗು ತಡೆದುಕೊಂಡೆ. ಅವಳು ನಗಲಿಲ್ಲ.

“ಹಸ್ರೇ. ದುಪಟ್ಟ ಹೆಗಲ್ ಮೇಲಿರ್ನಿಲ್ಲ ಅಲ್ವಾ? ಸೊಂಟಕ್ ಕಟ್ಕಂಡಿದ್ಲು” ಎಂದಳು. ತಿರುಗಿ ಹೋಗಿ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು.

ನವೆಂಬರ್ ೧೬, ಭಾನುವಾರ

ಬಸ್ ನಿಲ್ಲುವ ಜಾಗದಲ್ಲಿ ಚನ್ನವೀರಯ್ಯ ಎಂಬುವವರ ಟೀ ಅಂಗಡಿ ಇದೆ. ಗಂಗಮ್ಮ ಹೀಗೆ ಕೇಳಿದಳು ಎಂದು ನಾನೇ ಹೇಳಿದೆ, ತಮಾಷೆಗೆ. ಲೋಟ ತೊಳೆಯುತ್ತಿದ್ದವರು ಹಾಗೇ ನಿಂತರು.

“ನಿಮ್ಗ್ ಗೊತ್ತಿಲ್ವಾ ಮೇಷ್ಟ್ರೇ? ಅವ್ಳ್ ಮಗ್ಳು ಹೋಗಿದ್ದೇ ಆ ಕೊಳ್ದಲ್ಲಿ.”

ಹೋದ ವರ್ಷದ ಮೇ ತಿಂಗಳು. ಕೊಳ ಅಗೆದು, ನೀರು ಇಂಗದಿರಲಿ ಎಂದು ತಳಕ್ಕೂ ಗೋಡೆಗೂ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಇನ್ನೂ ಗಿಡ ನೆಟ್ಟಿರಲಿಲ್ಲ, ಏಣಿ ಇರಲಿಲ್ಲ. ರಾತ್ರಿ ದೊಡ್ಡ ಮಳೆ ಬಂದು ಕೊಳ ಅರ್ಧ ತುಂಬಿತ್ತು. ತಾಯಿ ಮಗಳು ಇಬ್ಬರೂ ಅಲ್ಲಿ ಕಲ್ಲು ಜೋಡಿಸುವ ಕೂಲಿಗೆ ಹೋಗುತ್ತಿದ್ದರು. ಮಗಳು ಹೇಮಶ್ರೀ. ಕುಣಿಗಲ್ಲಿನಲ್ಲಿ ಬಿ.ಕಾಂ. ಎರಡನೇ ವರ್ಷ, ರಜಕ್ಕೆಂದು ಕೂಲಿ. ಮಧ್ಯಾಹ್ನ ತಾಯಿ ಬುತ್ತಿ ತರಲು ಹಳ್ಳಿಗೆ ಹೋಗಿದ್ದಳು. ತೇಲಿಹೋದ ಬಾಂಡ್ಲಿ ಎತ್ತಿಕೊಳ್ಳಲು ಹುಡುಗಿ ಇಳಿದಿರಬೇಕು. ಯಾರೂ ನೋಡಲಿಲ್ಲ.

“ಈಜಾಡಕ್ ಇಳಿದ್ಲು ಅಂತ ಬರ್ಸುದ್ರು. ಆಮೇಲೆ ತಾಯಿಗೆ ಅಲ್ಲೇ ಖಾಯಂ ಕೆಲ್ಸ ಕೊಟ್ರು. ಅದೇ ಕೊಳ ನೋಡ್ಕೊಳೋ ಕೆಲ್ಸ” ಎಂದರು ಚನ್ನವೀರಯ್ಯ.

ಟೀ ಕುಡಿಯಲಾಗಲಿಲ್ಲ. ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ. ಒಂದು ಹಸಿರು ಎಲೆ ನೋಡಿ ಬಾಯಿಗೆ ಬಂದದ್ದು ಹೇಳಿದೆ. ಆ ತಾಯಿ ಅದನ್ನು ಮನೆಗೆ ತೆಗೆದುಕೊಂಡು ಹೋಗಿದ್ದಾಳೆ. ಬರುವ ಶುಕ್ರವಾರ ಮೊದಲು ಅವಳನ್ನು ಕಂಡು, ಎಲ್ಲ ಸುಳ್ಳು ಎಂದು ಹೇಳಿ ಕ್ಷಮೆ ಕೇಳಬೇಕು. ಬೇರೆ ಮಾತಿಲ್ಲ.

ನವೆಂಬರ್ ೨೧, ಶುಕ್ರವಾರ

ಹೇಳಲಿಲ್ಲ.

ನಾನು ಬಾಯಿ ತೆರೆಯುವುದರೊಳಗೆ ಅವಳೇ ಕೇಳಿದಳು. “ಹಸ್ದಂಗ್ ಕಾಣ್ತಿದ್ಲಾ ಮೇಷ್ಟ್ರೇ? ಅವತ್ತು ಉಂಡಿರ್ನಿಲ್ಲ. ನಾನು ಬುತ್ತಿ ತರದು ತಡ ಆಯ್ತು.”

“ಇಲ್ಲಮ್ಮ. ಹಸಿದ ಹಾಗೆ ಕಾಣ್ಲಿಲ್ಲ” ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಮರದ ಕೆಳಗೆ ಕೂತು ತನ್ನ ಡಬ್ಬಿ ಬಿಚ್ಚಿ ಮುದ್ದೆ ಉಂಡಳು. ಅವಳು ಅಲ್ಲಿ ಕೂತು ಉಂಡದ್ದನ್ನು ಇದುವರೆಗೆ ನೋಡಿಲ್ಲ ಎಂದು ತೋಟದವರು ಹೇಳಿದರು.

ನವೆಂಬರ್ ೨೨, ಶನಿವಾರ

ಕಿರಣನಿಗೆ ಆ ಕಥೆ ಇನ್ನು ಹೇಳುವುದಿಲ್ಲ ಎಂದೆ. ಅವನ ಮುಖ ಬಾಡಿತು. “ಸಾರ್, ರಿವ್ಯೂನಲ್ಲೆಲ್ಲಾ ಅದೇ ಬರೀತಿದಾರೆ. ಅದನ್ನ ಕೇಳೋಕೇ ಬುಕ್ ಮಾಡೋರಿದಾರೆ.”

“ಹೇಮಶ್ರೀ ವಿಷಯ ನನಗ್ಯಾಕೆ ಹೇಳಲಿಲ್ಲ?”

ಮೊಬೈಲು ತೆಗೆದು ನೋಡಿ ಮತ್ತೆ ಜೇಬಿಗಿಟ್ಟ. ಆಮೇಲೆ, “ಅದು ಆಕ್ಸಿಡೆಂಟ್ ಸಾರ್. ಈಜೋಕ್ ಇಳಿದಿದ್ಲು.”

“ಅವಳಿಗೆ ಈಜು ಬರ್ತಿತ್ತೇನೋ?”

“ಅವರಮ್ಮನ್ಗೆ ಕೆಲ್ಸ ಕೊಟ್ಟಿದೀವಲ್ಲ ಸಾರ್” ಎಂದ. ಪ್ರಶ್ನೆ ಬಾರದಿದ್ದಾಗ ಪಕ್ಕದ ಪ್ರಶ್ನೆಯ ಉತ್ತರ ಬರೆಯುವುದು ಅವನ ಹಳೆಯ ಅಭ್ಯಾಸ.

ಎಲ್ಲರೂ ಊಟಕ್ಕೆ ಹೋದಾಗ ಗಿಡಗಳ ಬದಿಗೆ ಹೋಗಿ ಚಪ್ಪಲಿ ಬಿಟ್ಟು ನೀರಿಗೆ ಒಂದು ಕಾಲಿಟ್ಟು ನೋಡಿದೆ. ಎಲೆಯ ಕೆಳಗೆ ಅದೇ ಪ್ಲಾಸ್ಟಿಕ್ ಹಾಳೆ. ಪಾಚಿ ಕಟ್ಟಿ ಎಣ್ಣೆ ಸವರಿದಂತಿದೆ. ಮೊಣಕಾಲವರೆಗೆ ಜಾರಿಹೋಯಿತು. ಜೊಂಡು ಹಿಡಿದೆ, ಕಿತ್ತು ಬಂತು. ಹೇಗೋ ಅಂಗಾತ ಬಿದ್ದು ಮೇಲೆ ಬಂದೆ. ಮೂರು ಬದಿಗೂ ಕೈಗೆ ಸಿಗುವಂಥದ್ದು ಏನೂ ಇಲ್ಲ. ಒಂದು ಹಗ್ಗವನ್ನಾದರೂ ಸುತ್ತ ಕಟ್ಟಿಸು ಎಂದು ಆಮೇಲೆ ಕಿರಣನಿಗೆ ಹೇಳಿದೆ. ಹಗ್ಗ ಕಟ್ಟಿದರೆ ಕೊಳ ಸಹಜವಾಗಿ ಕಾಣುವುದಿಲ್ಲವಂತೆ.

ನವೆಂಬರ್ ೩೦, ಭಾನುವಾರ

ದಾಕ್ಷಾಯಣಿ ಫೋನ್ ಮಾಡಿದ್ದಳು. ಮಗು ನಗುತ್ತದಂತೆ. “ನಿಮ್ ದನಿ ಯಾಕೆ ಹಂಗಿದೆ, ಶೀತ ಆಗಿದ್ಯಾ?” ಎಂದಳು. ಏನೂ ಇಲ್ಲ ಎಂದೆ. ಏನೂ ಇಲ್ಲ.

ಡಿಸೆಂಬರ್ ೬, ಶನಿವಾರ

ಅತಿಥಿಗಳಿಗೆ ನರಿಯ ಕಥೆ. ಹುಡುಗಿಯ ಕಥೆ ಅವರಿಗೆ ಹೇಳುವುದು ನಿಲ್ಲಿಸಿದ್ದೇನೆ. ಗಂಗಮ್ಮನಿಗೆ ಮಾತ್ರ ಹೇಳುತ್ತೇನೆ. ಅವಳು ನಾಲ್ಕೂವರೆಗೆ ಮರದ ಕೆಳಗೆ ಕಾಯುತ್ತಿರುತ್ತಾಳೆ. ಬರಿಗೈಯಲ್ಲಿ ಹೋಗುವುದು ಹೇಗೆ? ಇವತ್ತು ಕೂದಲು ಬಿಚ್ಚಿಕೊಂಡು ಒಣಗಿಸುತ್ತಿದ್ದಳು ಎಂದೆ. ಉದ್ದ ಕೂದಲು ಎಂದೆ. ಹೌದು, ಸೊಂಟದವರೆಗೂ ಇತ್ತು ಎಂದಳು.

ಒಂದು ಒಳ್ಳೆಯದಾಗಿದೆ. ಅವಳು ಈಗ ಬೇರೆ ಹೆಂಗಸರ ಜೊತೆ ಮಾತಾಡುತ್ತಾಳೆ.

ಡಿಸೆಂಬರ್ ೧೩, ಶನಿವಾರ

ಏನಾಯಿತೋ ಆ ಕ್ರಮದಲ್ಲೇ ಬರೆಯಬೇಕು.

ಗಂಗಮ್ಮ ಕೇಳಿದಳು, “ಇವತ್ತೇನಾರ ಅಂದ್ಲಾ?” ನಾನು ಸುಮ್ಮನೆ ನೀರು ನೋಡುತ್ತಿದ್ದೆ. ಏನೂ ಯೋಚಿಸಿರಲಿಲ್ಲ. “ಎಡಗೈ ನೋವು ಅಂದಳು” ಎಂದು ನನ್ನ ಬಾಯಿಂದ ಬಂತು.

ಗಂಗಮ್ಮ ಕುಸಿದು ಕೂತಳು. ನೀರು ತರಿಸಿ ಕೊಟ್ಟೆ. ಎರಡು ಗುಟುಕು ಕುಡಿದು ಹೇಳಿದಳು.

“ಮೈ ತೊಳ್ದೋಳು ನಾನೇ ಮೇಷ್ಟ್ರೇ. ಎಡಗೈ ಉಗ್ರೆಲ್ಲಾ ಕಿತ್ತೋಗಿದ್ವು. ಬಲಗೈ ಸರ್ಯಾಗೇ ಇತ್ತು. ಅವ್ಳು ಎಡಚಿ. ಹಾಳೆ ಕೆರ್ಕಂಡು ಕೆರ್ಕಂಡು ಹತ್ತಕ್ ನೋಡವ್ಳೆ. ಈಜಾಡಕ್ ಹೋದೋಳು ಹಂಗ್ ಮಾಡ್ತಾಳಾ? ಯಾರ್ಗೂ ಹೇಳಿಲ್ಲ ನಾನು. ಹೇಳುದ್ರೆ ಯಾರ್ ಕೇಳೋರು?”

ಮನೆಗೆ ಬಂದವನೇ ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ಕೈಯ ವಿಷಯ ಯಾರೂ ನನಗೆ ಹೇಳಿಲ್ಲ. ಚನ್ನವೀರಯ್ಯನವರೂ ಹೇಳಿಲ್ಲ. ಬರೆಯುವುದನ್ನು ಮರೆತಿದ್ದೇನೋ? ಇಂಥದ್ದನ್ನು ಕೇಳಿ ಮರೆಯುವುದು ಸಾಧ್ಯವೇ? ಎಡ, ಬಲ, ಎರಡರಲ್ಲಿ ಒಂದು. ಹಸಿರು ಹೇಗೆ ಬಂತೋ ಹಾಗೇ ಇದೂ. ಅಷ್ಟೇ.

ಡಿಸೆಂಬರ್ ೧೪, ಭಾನುವಾರ

ರಜೆ ಹಾಕಿದೆ.

ಡಿಸೆಂಬರ್ ೨೦, ಶನಿವಾರ

ಇವತ್ತು ಹೇಳಿದೆ. ಎಲ್ಲವನ್ನೂ. ಬಸ್ಸಿನಲ್ಲಿ ಕಟ್ಟಿದ ಕಥೆ, ನೈದಿಲೆ ಎಲೆ, ಒಣಗುವ ಕೂದಲು. ನಾನು ಏನನ್ನೂ ನೋಡಿಲ್ಲ ಗಂಗಮ್ಮ, ನಿನಗೆ ಮೋಸ ಮಾಡಿದೆ ಎಂದೆ. ಕೈ ಮುಗಿದೆ.

ಅವಳು ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು. ಮಗುವಿಗೆ ಹೇಳುವಂತೆ ಹೇಳಿದಳು, “ನೀವ್ ಕಟ್ದೆ ಅಂದ್ಕಂಡಿದೀರಿ ಮೇಷ್ಟ್ರೇ. ಇರ್ಲಿ ಬುಡಿ. ಎಡಗೈ ವಿಷ್ಯ ಯಾರ್ ಕಟ್ಟಿದ್ರು?”

ಪೊರಕೆಯನ್ನು ಮರಕ್ಕೆ ಒರಗಿಸಿ ಅವಳೇ ಮುಂದುವರಿಸಿದಳು.

“ನನ್ಗ್ ಕಾಣಲ್ಲ ಅವ್ಳು. ವರ್ಷ್ದಿಂದ ದಿನಾ ಇಲ್ಲೇ ಇದೀನಿ, ಕಾಣಲ್ಲ. ತಡ ಮಾಡ್ದೆ ಅಂತ ಸಿಟ್ಟಿರ್ಬೇಕು. ನಿಮ್ ಹತ್ರ ಮಾತಾಡ್ತಾಳೆ, ನೀವು ಮೇಷ್ಟ್ರಲ್ವಾ.”

ಡಿಸೆಂಬರ್ ೨೪, ಬುಧವಾರ

ಕಥೆಯ ದಿನವಲ್ಲ. ಆದರೂ ಹೋಗಿದ್ದೆ. ಮನೆಯಲ್ಲಿ ಮಾಡುವುದಾದರೂ ಏನು? ಐದರಿಂದ ಆರರವರೆಗೆ ಗಿಡಗಳ ಬದಿಗೆ ಕೂತಿದ್ದೆ. ಹೇಮಶ್ರೀ ಇವತ್ತು ಮಾತಾಡಲಿಲ್ಲ.

ಕ್ರಿಸ್ಮಸ್ ರಜಕ್ಕೆ ಕಾಟೇಜುಗಳೆಲ್ಲ ಭರ್ತಿ. ಮಕ್ಕಳು ಬಹಳ. ಕಟ್ಟೆಯ ಕಡೆಯಿಂದ ಇಳಿದು ಗಿಡದ ಕಡೆಗೆ ಈಜಿ ಬರುತ್ತಾರೆ. ಕೈ ಬೀಸಿ ಕಟ್ಟೆಯ ಕಡೆಗೆ ವಾಪಸು ಕಳಿಸುತ್ತಿದ್ದೆ.

ಡಿಸೆಂಬರ್ ೨೯, ಸೋಮವಾರ

ನಿನ್ನೆ, ಮೊನ್ನೆ, ಇವತ್ತೂ ಹೋಗಿ ಗಿಡಗಳ ಬದಿಗೆ ಕೂತಿದ್ದೆ. ಹಗ್ಗದ ವಿಷಯ ಕಿರಣನಿಗೆ ನಾಲ್ಕನೇ ಸಲ ಹೇಳಿದೆ. ಯಾರು ಹೇಳಿದರು ನಿಮಗೆ ಹಗ್ಗ ಬೇಕು ಅಂತ ಎಂದು ಕೇಳಿದ. ಅವಳೇ ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಜನವರಿ ೩, ಶನಿವಾರ

ಇಪ್ಪತ್ತೆರಡು ಜನ ಅತಿಥಿಗಳು. ಕಿರಣ ಕಟ್ಟೆಯ ತುದಿಯಲ್ಲಿ ನಿಂತಿದ್ದ. ಗಂಗಮ್ಮನಿಗೆ ಬಂದು ಕೂರಲು ಮೊದಲೇ ಹೇಳಿದ್ದೆ. ಅವಳು ಪೊರಕೆಯನ್ನು ಪಕ್ಕದಲ್ಲಿಟ್ಟುಕೊಂಡು ಕಟ್ಟೆಯ ಮೆಟ್ಟಿಲ ಮೇಲೆ ಕೂತಿದ್ದಳು.

“ಪಾಳೆಯಗಾರರ ಕಾಲದ ಹುಡುಗಿಯ ಕಥೆ ಹೇಳಿ” ಎಂದು ಒಬ್ಬರು ಕೇಳಿದರು. ಹೇಳುತ್ತೇನೆ ಎಂದೆ.

“ಪಾಳೆಯಗಾರರ ಕಾಲ ಅಲ್ಲ. ಹೋದ ವರ್ಷಕ್ಕೆ ಹಿಂದಿನ ವರ್ಷ, ಮೇ ತಿಂಗಳು. ಹುಡುಗಿಯ ಹೆಸರು ಹೇಮಶ್ರೀ. ಬಿ.ಕಾಂ. ಓದುತ್ತಿದ್ದಳು. ಎಡಗೈಯಲ್ಲಿ ಬರೆಯುತ್ತಿದ್ದಳು. ನೀವು ಬೆಳಿಗ್ಗೆ ಈಜಿದ ಈ ಕೊಳಕ್ಕೆ ಕಲ್ಲು ಜೋಡಿಸುತ್ತಿದ್ದಳು.” ಬುತ್ತಿ, ಬಾಂಡ್ಲಿ, ಮಳೆ, ಹಾಳೆ, ಉಗುರು, ಒಂದನ್ನೂ ಬಿಡಲಿಲ್ಲ. ಒಂದನ್ನೂ ಸೇರಿಸಲಿಲ್ಲ. ತಾಯಿ ಬುತ್ತಿ ತೆಗೆದುಕೊಂಡು ಬಂದು ಮಗಳ ಹೆಸರು ಹಿಡಿದು ಕೂಗುವಲ್ಲಿಗೆ ನಿಲ್ಲಿಸಿದೆ. ಇಷ್ಟು ಚಿಕ್ಕ ಕಥೆಯನ್ನು ನಾನು ಯಾವತ್ತೂ ಹೇಳಿಲ್ಲ.

ಒಬ್ಬ ಯುವಕ ಕೇಳಿದ, “ಸರ್, ಇದೂ ಕಥೇನಾ?”

ಗಂಗಮ್ಮ ಎದ್ದು ನಿಂತಳು. “ಕತೆ ಅಲ್ಲ ಕಣಪ್ಪ. ನನ್ ಮಗ್ಳು” ಎಂದಳು.

ಒಬ್ಬ ತಾಯಿ ತನ್ನ ಮಗುವನ್ನು ಗಂಡನ ಕೈಗೆ ಕೊಟ್ಟು ಗಿಡಗಳ ಬದಿಗೆ ಹೋಗಿ, ಮಂಡಿಯೂರಿ ನೀರಿನೊಳಗೆ ಕೈ ಹಾಕಿ ಹಾಳೆ ಮುಟ್ಟಿ ನೋಡಿದಳು. ಎದ್ದು ಬಂದು ಕಿರಣನ ಮುಂದೆ ನಿಂತು, “ಬೆಳಿಗ್ಗೆ ನನ್ನ ಮಗು ಇದರಲ್ಲಿ ಇಳಿದಿತ್ತು. ನಿಮಗೆ ಗೊತ್ತಿದ್ದೂ ಬಿಟ್ರಾ?” ಎಂದಳು.

ಕಿರಣ ಗೇಟಿನವರೆಗೆ ನನ್ನ ಜೊತೆ ನಡೆದು ಬಂದ. “ನೀವ್ ಹೀಗ್ ಮಾಡ್ಬಾರ್ದಿತ್ತು ಸಾರ್. ನಾಳೆಯಿಂದ ಬರ್ಬೇಡಿ” ಎಂದ. ಅಳುತ್ತಿದ್ದ ಎಂದು ಕಾಣುತ್ತದೆ. ನಾನು ನೋಡಲು ಹೋಗಲಿಲ್ಲ.

ಜನವರಿ ೧೨, ಸೋಮವಾರ

ಕಿರಣ ಮನೆಗೆ ಬಂದಿದ್ದ. ಅತಿಥಿಗಳು ಬರೆದದ್ದನ್ನು ಓದಿ ಮಾಲೀಕರೇ ಬಂದರಂತೆ. ಕೊಳದ ಸುತ್ತ ಹಗ್ಗ ಕಟ್ಟಿದ್ದಾರೆ, ಮೂರು ಬದಿಗೂ ಕಲ್ಲಿನ ಮೆಟ್ಟಿಲು ಇಳಿಸುತ್ತಿದ್ದಾರೆ. ಹೇಮಶ್ರೀ ಸತ್ತಾಗ ಪೊಲೀಸರ ಹೇಳಿಕೆಯಲ್ಲಿ ಈಜು ಎಂದು ಬರೆಸಿದ್ದು ತಾನೇ ಎಂದ. ಅದನ್ನು ಸರಿಪಡಿಸಿ ಬರೆದುಕೊಡುತ್ತೇನೆ, ಕೆಲಸ ಹೋದರೂ ಹೋಗಲಿ ಎಂದ. ಅವನ ಬೆನ್ನ ಮೇಲೆ ಕೈಯಿಟ್ಟೆ.

ಗಂಗಮ್ಮ ಕೆಲಸ ಬಿಟ್ಟಳಂತೆ. ಗುಬ್ಬಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಳೆ. ಹೋಗುವಾಗ ಕೊಳದ ಕಡೆ ತಿರುಗಿಯೂ ನೋಡಲಿಲ್ಲವಂತೆ.

ಎದ್ದು ಹೊರಟವನು ಬಾಗಿಲಲ್ಲಿ ನಿಂತ. “ಸಾರ್, ಒಂದ್ ಮಾತು. ಬರ್ಬೇಡಿ ಅಂದಮೇಲೂ ನೀವು ದಿನಾ ಬರ್ತಿದೀರಂತೆ. ಬೇಲಿ ಪಕ್ಕ ಕೂತಿರ್ತೀರಿ ಅಂತ ಸೆಕ್ಯೂರಿಟಿ ಹೇಳ್ದ.”

ದಿನವೂ ಅಲ್ಲ. ಭಾನುವಾರ ಹೋಗಿರಲಿಲ್ಲ.

ಜನವರಿ ೧೮, ಭಾನುವಾರ

ದಾಕ್ಷಾಯಣಿ ಬಂದಳು. ಮನೆಗೆ ಬೆಳಕು ಬಂದಂತಾಯಿತು. ನನ್ನ ಪಂಚೆಗಳನ್ನು ಒಗೆಯಲು ನೆನೆಹಾಕುತ್ತಾ, “ಎಲ್ಲದರ ಅಂಚೂ ಯಾಕ್ರೀ ಇಷ್ಟು ಕೆಸರಾಗಿದೆ? ಜೊಂಡಿನ ವಾಸನೆ” ಎಂದಳು. ಇಬ್ಬನಿ ಎಂದೆ.

ಊಟಕ್ಕೆ ಕೂತಾಗ ನನ್ನನ್ನೇ ನೋಡುತ್ತಿದ್ದಳು. “ಯಾರ್ ಜೊತೆ ಮಾತಾಡ್ತಿದ್ರಿ ಆಗ್ಲೇ, ಹಿತ್ತಲಲ್ಲಿ?”

ಯಾರೂ ಇಲ್ಲ. ನಾಳೆ ಹೇಳಬೇಕಾದ್ದನ್ನು ಜೋಡಿಸಿಕೊಳ್ಳುತ್ತಿದ್ದೆ, ಅಷ್ಟೇ.

ಜನವರಿ ೨೫, ಭಾನುವಾರ

ಗುಬ್ಬಿಗೆ ಹೋಗಿದ್ದೆ. ಹಳೆಯ ಹೈಸ್ಕೂಲಿನ ಹಿಂದಿನ ಬೀದಿಯಲ್ಲೇ ಗಂಗಮ್ಮನ ತಂಗಿಯ ಮನೆ. ಗಂಗಮ್ಮ ಜಗಲಿಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದಳು. ಮೈ ತುಂಬಿಕೊಂಡಿದ್ದಾಳೆ. ನಿದ್ದೆ ಬರುತ್ತದಂತೆ. ಕಾಫಿ ಕೊಟ್ಟಳು.

“ಹೇಮ ಇವತ್ತಿಗೂ ಅಲ್ಲೇ ಇದಾಳೆ ಗಂಗಮ್ಮ” ಎಂದೆ.

ಕಾಳು ಬಿಡಿಸುವ ಕೈ ನಿಂತಿತು. “ಇಲ್ಲ ಮೇಷ್ಟ್ರೇ. ಅವತ್ತು ನೀವ್ ಎಲ್ರ ಮುಂದೆ ಹೇಳುದ್ರಲ್ಲ, ಅವತ್ತೇ ಹೋದ್ಲು. ನನ್ ಎದೆಗೆ ಗೊತ್ತಾಯ್ತು. ನೀವೂ ಬುಟ್ಬುಡಿ.” ನನ್ನ ಮುಖ ನೋಡಿ ತಂಗಿಗೆ ಏನೋ ಪಿಸುಗುಟ್ಟಿದಳು. ತಂಗಿ ಒಳಗಿನಿಂದ ವಿಭೂತಿ ತಂದು ನನ್ನ ಹಣೆಗೆ ಹಚ್ಚಿದಳು. ಬೇಡವೆನ್ನಲಿಲ್ಲ. ಹಿಂದಿನ ನಾನಾಗಿದ್ದರೆ ಭಾಷಣ ಮಾಡುತ್ತಿದ್ದೆ.

ಫೆಬ್ರವರಿ ೧, ಭಾನುವಾರ

ದಾಕ್ಷಾಯಣಿಗೆ ಕುಣಿಗಲ್ಲಿನಲ್ಲಿ ಸ್ನೇಹಿತರನ್ನು ನೋಡಬೇಕು ಎಂದು ಹೇಳಿ ಹೊರಟೆ. ಹೆಬ್ಬೂರಿನಲ್ಲಿ ಬಸ್ಸು ಅರ್ಧ ಗಂಟೆ ನಿಂತು ತಡವಾಯಿತು. ಬಸ್ಸಿಳಿದು ಒಂದು ಕಿಲೋಮೀಟರನ್ನೂ ಓಡುನಡಿಗೆಯಲ್ಲಿ ಹೋದೆ. ಚನ್ನವೀರಯ್ಯ ಕರೆದರು, ನಿಲ್ಲಲಿಲ್ಲ.

ಬೇಲಿಯ ಈಚೆ, ಎಂದಿನ ಜಾಗದಲ್ಲಿ ಕೂತೆ. ತಡವಾಯಿತು, ಬೇಜಾರು ಮಾಡ್ಕೋಬೇಡಮ್ಮ ಎಂದೆ. ಗುಬ್ಬಿಯ ಸುದ್ದಿಯೆಲ್ಲ ಹೇಳಿದೆ. ಅಮ್ಮ ಚೆನ್ನಾಗಿ ಉಣ್ಣುತ್ತಾಳೆ, ಮಲಗುತ್ತಾಳೆ, ಚಿಕ್ಕಮ್ಮನ ಮನೆಯಲ್ಲಿ ಎಲ್ಲರೂ ಪ್ರೀತಿಯಿಂದ ನೋಡಿಕೊಳ್ಳುತ್ತಾರೆ. ಅವರೆಕಾಳಿನದೂ ಹೇಳಿದೆ. ನೀನು ಹೊರಟುಹೋದೆ ಎಂದು ಅಮ್ಮ ನಂಬಿದ್ದಾಳೆ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಮಗುವಿಗೆ ಯಾಕೆ ನೋವು ಮಾಡಬೇಕು?

ಮುಂದಿನ ಭಾನುವಾರ ಮತ್ತೆ ಗುಬ್ಬಿಗೆ ಹೋಗಿ ಬರುತ್ತೇನೆ ಎಂದಿದ್ದೇನೆ.